ಮಹಾದೇವಕ್ಕ ಬರೆದ ಮೀನು ಪರೀಕ್ಷೆ

ಸೆಂಟರ್‌ವಿಲ್‌ನ ಆ ಇಪ್ಪತ್ತು ಮಂದಿಯನ್ನು ಚೇತನ ಆರಿಸಿಕೊಂಡದ್ದು ಒಂದೇ ಅರ್ಹತೆಯ ಮೇಲೆ: ಅವರಲ್ಲಿ ಯಾರೂ ಹುಟ್ಟಿದಂದಿನಿಂದ ಮೀನು ಹಿಡಿದವರಲ್ಲ, ತಿಂದವರಲ್ಲ, ಮೀನಂಗಡಿಯ ಮುಂದೆ ಮೂಗು ಮುಚ್ಚಿಕೊಳ್ಳದೆ ನಡೆದವರೂ ಅಲ್ಲ.

ಚೇತನ ವಾಷಿಂಗ್ಟನ್‌ನ ಒಂದು ಖಾಸಗಿ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರಜ್ಞ. ಗಾಳ ಹಾಕುವವರು ತಾವು ಹಿಡಿದ ಸಾಲ್ಮನ್ ಮೀನು ಯಾವ ಜಾತಿಯದೆಂದು ಸರಿಯಾಗಿ ಹೇಳಬಲ್ಲರೇ ಎಂಬುದು ಅವನಿಗೆ ಒಪ್ಪಿಸಿದ್ದ ಅಧ್ಯಯನ. ಕೆಲವು ಜಾತಿಯನ್ನು ಮನೆಗೆ ಒಯ್ಯಬಹುದು, ಕೆಲವನ್ನು ನೀರಿಗೆ ಬಿಡಬೇಕು. ಗುರುತು ತಪ್ಪಿದರೆ ನಿಯಮ ಇದ್ದೂ ಇಲ್ಲದಂತೆ. ಅಮೆರಿಕದ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ನೂರೈವತ್ತು ಗಾಳಗಾರರಿಗೆ ಇಪ್ಪತ್ತು ಫೋಟೊ ತೋರಿಸಿ, ಪ್ರತಿಯೊಂದೂ ಐದು ಜಾತಿಗಳಲ್ಲಿ ಯಾವುದೆಂದು ಕೇಳಲಾಗಿತ್ತು. ಹೋಲಿಕೆಗೆ ಮೀನಿನ ಗಂಧವೇ ಇಲ್ಲದ ಇನ್ನೊಂದು ಗುಂಪು ಬೇಕಿತ್ತು. ತಾನಿದ್ದ ಸೆಂಟರ್‌ವಿಲ್‌ನ ಬಸವ ಸಮಿತಿಯ ಭಾನುವಾರದ ಪ್ರಸಾದಕ್ಕೆ ಬಂದವರನ್ನೇ ಚೇತನ ಊಟಕ್ಕೆ ಮೊದಲು ಕೂರಿಸಿ ಬರೆಸಿದ. ಬರೀ ಊಹೆ ಮಾಡಿದರೂ ತಲೆಗೆ ನಾಲ್ಕು ಉತ್ತರ ಸರಿ ಬರಬೇಕು.

ಬಂದದ್ದು ಹದಿನಾರು. ಗಾಳಗಾರರ ಸರಾಸರಿ ಹನ್ನೆರಡು.

ಚೇತನನ ಅತ್ತೆ ಮಹಾದೇವಕ್ಕನಿಗೆ ಇಪ್ಪತ್ತಕ್ಕೆ ಇಪ್ಪತ್ತು. ಇಳಕಲ್ಲಿನಿಂದ ಮಗಳ ಮನೆಗೆ ಬಂದು ಆಕೆಗೆ ಇನ್ನೂ ಎರಡು ತಿಂಗಳಾಗಿತ್ತು.

"ಅತ್ತಿ, ಖರೇ ಹೇಳ್ರಿ, ಹೆಂಗ ಗುರುತು ಹಿಡಿದ್ರಿ?"

"ಮತ್ತ ನೀವ ಚೀಟಿ ಕೊಟ್ಟಿದ್ರೆಲ್ಲಾ ಅಳಿಯಾರ. ಅದರಾಗ ಬರದದ್ದ ನೋಡಿದೆ. ಮೈ ನೋಡಿದ್ರ ಎಲ್ಲಾ ಬೆಳ್ಳಗ ಮಿಂಚತಾವು. ಸೀರಿ ಅಂಗಡ್ಯಾಗ ಮೂವತ್ತು ವರ್ಷ ಕುಂತೀನಿ ನಾ. ಒಡಲು ಯಾವ ಬಣ್ಣದ್ದರ ಇರಲಿ, ಸೆರಗು ನೋಡಬೇಕು. ಇದಕ್ಕ ಬಾಲ."

ಚೀಟಿ ಎಂದರೆ ಎರಡೂ ಗುಂಪಿಗೆ ಕೊಟ್ಟ ಒಂದು ಹಾಳೆಯ ಗುರುತುಪಟ್ಟಿ. ಕಿಂಗ್ ಆದರೆ ವಸಡು ಕಪ್ಪು, ಚುಕ್ಕೆ ಬಾಲದ ತುಂಬ, ಕೋಹೊ ಆದರೆ ವಸಡು ಬಿಳಿ, ಚುಕ್ಕೆ ಬಾಲದ ಮೇಲರ್ಧದಲ್ಲಿ ಮಾತ್ರ, ಹೀಗೆ ಐದಕ್ಕೂ. ಗಾಳಗಾರರು ತಮಗೆ ಗೊತ್ತಿರುವುದೇ ಎಂದು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಸೆಂಟರ್‌ವಿಲ್‌ನವರು ಪರೀಕ್ಷೆ ಎಂದ ಕೂಡಲೇ ಪೆನ್ಸಿಲ್ ತೆಗೆದು ಅಡಿಗೆರೆ ಎಳೆದಿದ್ದರು. ಚೇತನನಿಗೆ ಇದೇ ಅಧ್ಯಯನದ ಸಾರ ಅನ್ನಿಸಿತು. ಹಾಗೆಂದೇ ವರದಿ ಬರೆದ. ಅವನ ಹೆಸರು ಮೊದಲು ಬರಲಿದ್ದ ಮೊದಲ ವರದಿ ಅದು.

ಮೇಲಧಿಕಾರಿ ಡಗ್ ವಿಟ್‌ಮೋರ್‌ಗೆ ಹಾಗೆ ಅನ್ನಿಸಲಿಲ್ಲ. ಡಗ್ ಮೂವತ್ತೊಂದು ವರ್ಷಗಳಿಂದ ಗಾಳ ಹಾಕುತ್ತಿದ್ದವನು. ಅವನ ಆಫೀಸಿನ ಗೋಡೆಯ ಮೇಲೆ ಮಕ್ಕಳ ಫೋಟೊಗಿಂತ ಮೀನಿನ ಫೋಟೊ ದೊಡ್ಡದು.

"ಚೀಟಿಯನ್ನು ಕನ್ನಡಕ್ಕೆ ಮಾಡಿದ್ದು ಯಾರು?" ಎಂದು ಕೇಳಿದ.

"ನನ್ನ ಹೆಂಡತಿ ವಿಜಯಶ್ರೀ."

"ಪೂರ್ತಿ ಅಂಕ ತಗೊಂಡಿದ್ದು?"

"ಅವಳ ತಾಯಿ."

ಡಗ್ ಕುರ್ಚಿಗೆ ಒರಗಿದ. "ಕನ್ನಡದಲ್ಲಿ ಏನೇನು ಹೇಳಿಕೊಟ್ಟಿರೋ ನನಗೆ ಹೇಗೆ ಗೊತ್ತಾಗಬೇಕು, ಚೇತನ್? ಶನಿವಾರ ನಿಮ್ಮ ಮನೆಗೆ ನಾನೇ ಬರ್ತೀನಿ. ಅಲಾಸ್ಕಾದಲ್ಲಿ ನಾನೇ ಹಿಡಿದ ಆರು ಮೀನು ತರ್ತೀನಿ. ಆಕೆ ಗುರುತು ಹಿಡಿದರೆ ವರದಿಗೆ ಸಹಿ. ಇಲ್ಲದಿದ್ದರೆ ವರದಿಯೂ ಇಲ್ಲ, ಅದರ ಮೇಲೆ ನಿನ್ನ ಹೆಸರೂ ಇಲ್ಲ."

ಸುದ್ದಿ ಕೇಳಿ ವಿಜಯಶ್ರೀ ಲಟ್ಟಣಿಗೆ ಕೆಳಗಿಟ್ಟಳು. "ಮೀನಾ? ನಮ್ಮನಿಗಾ? ಒಳಗ ಲಿಂಗಪೂಜಿ ಆಗತೈತ್ರಿ."

"ಗ್ಯಾರೇಜಿನಾಗ ಇಡೋಣು."

"ಗ್ಯಾರೇಜಿನಾಗ ಜ್ವಾಳದ ಹಿಟ್ಟಿನ ಚೀಲ ಅದಾವು."

"ಹೊರಗ ಡ್ರೈವ್‌ವೇದಾಗ, ಸಮಿತಿ ಟೇಬಲ್ ಮ್ಯಾಲೆ?"

"ಆ ಟೇಬಲ್ ಮ್ಯಾಲೆ ಹೋಳಿಗಿ ಇಡ್ತೀವಿ! ನಿಮಗೇನು ತಲಿಗಿಲಿ ಐತೋ ಇಲ್ಲೋ?"

ಕಡೆಗೆ ಮೀನುಗಳು ಡಗ್‌ನ ಟ್ರಕ್ಕಿನಿಂದ ಇಳಿಯಲೇ ಇಲ್ಲ. ಶನಿವಾರ ಹನ್ನೊಂದಕ್ಕೆ ಅವನು ಟ್ರಕ್ಕನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ಹಿಂಬಾಗಿಲನ್ನೇ ಮೇಜಿನಂತೆ ಇಳಿಸಿ, ಮಂಜುಗಡ್ಡೆಯ ಮೇಲೆ ಆರನ್ನೂ ಸಾಲಾಗಿ ಮಲಗಿಸಿದ. ಪ್ರತಿ ಮೀನಿಗೂ ಒಂದು ಚೀಟಿ ಕಟ್ಟಿತ್ತು. ಹೆಸರು ಕಾಣದಂತೆ ಮಗುಚಿಟ್ಟಿದ್ದ. ಮಹಾದೇವಕ್ಕನ ಕೈಗೆ ಜಾತಿಗಳ ಚಿತ್ರವಿದ್ದ ಕಾರ್ಡುಗಳನ್ನು ಕೊಟ್ಟು, ಯಾವ ಮೀನಿಗೆ ಯಾವುದೋ ಅದರ ಮುಂದೆ ಇಡಬೇಕೆಂದು ಸನ್ನೆಯಲ್ಲೇ ತೋರಿಸಿದ.

"ನೀನು," ಎಂದ ಚೇತನನಿಗೆ, "ಆ ಕಡೆ ಮುಖ ಮಾಡಿ ನಿಲ್ಲು. ಒಂದು ಅಕ್ಷರ ಕನ್ನಡ ಕೇಳಿಸಬಾರದು."

ಚೇತನ ಗ್ಯಾರೇಜಿನ ಬಾಗಿಲಿಗೆ ಮುಖ ಮಾಡಿ ನಿಂತ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ. ಎಂಟು ತಿಂಗಳ ಕೆಲಸ ಬೆನ್ನ ಹಿಂದೆ ಮಂಜುಗಡ್ಡೆಯ ಮೇಲಿತ್ತು. ಎದುರಿಗೆ ಬಿಳಿ ಬಣ್ಣದ ಬಾಗಿಲು ಬಿಟ್ಟರೆ ಏನೂ ಇರಲಿಲ್ಲ.

"ಶಿವನ ಶಿವನ," ಎಂಬುದು ಮೊದಲು ಕೇಳಿಸಿತು. ಆಮೇಲೆ ಒಂದು ಕಾರ್ಡು ಇಟ್ಟ ಸದ್ದು. ಇನ್ನೊಂದು. ಆಮೇಲೆ ಏನೂ ಇಲ್ಲ.

"ಚೇತನ್," ಡಗ್‌ನ ದನಿ ಗಾಬರಿಯಿಂದ ಬಂತು. "ನಿಮ್ಮತ್ತೆ ನನ್ನ ಕಡೆ ಬಾಯಿ ತೆರೆದುಕೊಂಡು ನಿಂತಿದ್ದಾರೆ. ವಾಂತಿ ಬರ್ತಿದೆಯಾ?"

"ತಿರುಗಬಹುದಾ?"

"ಬೇಡ!"

ಮಹಾದೇವಕ್ಕನ ತಾಳ್ಮೆ ಮುಗಿದಿತ್ತು. "ಏ ಯಪ್ಪಾ, ನನಗೇನಾಗಿಲ್ಲೋ. ಅದರ ಬಾಯಿ ತೆಗೀಯೋ, ಅದರದು! ವಸಡ ನೋಡ್ಬೇಕು. ನಾ ಮುಟ್ಟಂಗಿಲ್ಲ, ಆಗಲೇ ಇನ್ನೊಮ್ಮಿ ಜಳಕ ಮಾಡೂದು ಬಂದೈತಿ."

ಡಗ್‌ಗೆ ಮಾತು ತಿಳಿಯಲಿಲ್ಲ, ಬೆರಳು ತೋರಿದ ಕಡೆ ತಿಳಿಯಿತು. ಒಂದೊಂದೇ ಮೀನಿನ ತುಟಿ ಎತ್ತಿ ಹಿಡಿದ. ಮಹಾದೇವಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು, ದೂರದಿಂದಲೇ ಬಗ್ಗಿ ನೋಡಿ, ಕಾರ್ಡು ಇಟ್ಟು ಮುಗಿಸಿದಳು.

ಡಗ್ ಚೀಟಿ ತಿರುಗಿಸತೊಡಗಿದ. "ಸರಿ. ಸರಿ. ಇದೂ ಸರಿ..." ಐದರವರೆಗೂ ಅವನ ದನಿ ಇಳಿಯುತ್ತಲೇ ಹೋಯಿತು. ಆರನೆಯದಕ್ಕೆ ಏರಿತು. "ಆಹಾ! ಇದು ತಪ್ಪು! ಹದಿನೆಂಟು ಪೌಂಡಿನ ಕಿಂಗ್. ಆಕೆ ಕೋಹೊ ಅಂದಿದ್ದಾರೆ. ಸರಿ ಬಿಡು, ಆರಕ್ಕೆ ಐದು ಕೆಟ್ಟದ್ದೇನಲ್ಲ. ನಂಬ್ತೀನಿ. ಸಹಿ ಹಾಕ್ತೀನಿ. ಈಗ ತಿರುಗು."

ಚೇತನ ತಿರುಗಿದ. ಆಫೀಸಿನ ಗೋಡೆಯ ಮೇಲಿದ್ದ ದೊಡ್ಡ ಫೋಟೊದ ಮೀನು ಅದೇ. ಬಾಲದ ಮೇಲರ್ಧದಲ್ಲಿ ಮಾತ್ರ ಚುಕ್ಕೆ. ತುಟಿ ಇನ್ನೂ ಅರೆ ತೆರೆದಿತ್ತು. ಹಲ್ಲಿನ ಬುಡದಲ್ಲಿ ವಸಡು ಬೆಳ್ಳಗೆ ಕಾಣುತ್ತಿತ್ತು.

ಡಗ್ ಜೇಬಿನಿಂದ ಪೆನ್ನು ತೆಗೆದಿದ್ದ. ಚೇತನ ಬಾಯಿ ಬಿಡದಿದ್ದರೆ ಎರಡು ನಿಮಿಷದಲ್ಲಿ ವರದಿ ಪಾಸು.

"ನಂದು ತಪ್ಪೇನ್ರಿ ಅಳಿಯಾರ?" ಮಹಾದೇವಕ್ಕನ ಮುಖ ಸಣ್ಣದಾಗಿತ್ತು. ಇಪ್ಪತ್ತಕ್ಕೆ ಇಪ್ಪತ್ತು ಬಂದ ವಿಷಯವನ್ನು ಆಕೆ ಫೋನಿನಲ್ಲಿ ಅರ್ಧ ಇಳಕಲ್ಲಿಗೆ ಹೇಳಿ ಮುಗಿಸಿದ್ದಳು.

"ಇಲ್ಲ ಅತ್ತಿ," ಎಂದ ಚೇತನ. "ನಿಮ್ಮದು ಬರೋಬ್ಬರಿ ಐತಿ."

ಡಗ್‌ನ ಪೆನ್ನು ನಿಂತಿತು. "ಅವರಿಗೆ ಏನು ಹೇಳಿದೆ?"

ಸುಳ್ಳು ಹೇಳಲು ಅನುಕೂಲವಿತ್ತು. ಅಲ್ಲಿ ಎರಡೂ ಭಾಷೆ ಬಲ್ಲವನು ಅವನೊಬ್ಬನೇ, ವಿಜಯಶ್ರೀ ಕಿಟಕಿ ಮುಚ್ಚಿ ಒಳಗೆ ಕೂತಿದ್ದಳು. ಆದರೆ ಕನ್ನಡದಲ್ಲಿ ಏನೋ ನಡೆದಿದೆ ಎಂಬ ಗುಮಾನಿಗೇ ಈ ಮನುಷ್ಯ ಇಲ್ಲಿಯವರೆಗೆ ಬಂದದ್ದು. ಅದನ್ನು ನಿಜ ಮಾಡಲು ಚೇತನನಿಗೆ ಮನಸ್ಸಾಗಲಿಲ್ಲ. ಹೇಳಿದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ಮಾಡಿ ಹೇಳಿದ.

ಡಗ್ ನಕ್ಕ. ಆಮೇಲೆ ನಗುವುದನ್ನು ಬಿಟ್ಟ. ಕನ್ನಡಕ ಹಾಕಿಕೊಂಡು ಬಗ್ಗಿ, ಮೀನಿನ ತುಟಿಯನ್ನು ಎರಡು ಬೆರಳಲ್ಲಿ ಎತ್ತಿ, ದಂತವೈದ್ಯನ ಹಾಗೆ ಬಹಳ ಹೊತ್ತು ನೋಡಿದ. ಬಾಲ ನೋಡಿದ. ಮತ್ತೆ ಬಾಯಿ ನೋಡಿದ.

"ಅಷ್ಟು ದೊಡ್ಡದಿತ್ತು," ಎಂದ ಕಡೆಗೆ. "ದೊಡ್ಡದು ಅಂದ ಮೇಲೆ ಕಿಂಗೇ ಅಂದುಕೊಂಡೆ. ಬಾಯಿ ನೋಡಲೇ ಇಲ್ಲ."

"ಬಂದರಿನಲ್ಲಿ ಎಂಬತ್ತೊಂಬತ್ತು ಮಂದಿ ಇದೇ ತಪ್ಪು ಮಾಡಿದ್ದಾರೆ," ಎಂದ ಚೇತನ. ಸಮಾಧಾನಕ್ಕೆ ಹೇಳಿದ್ದಲ್ಲ, ಅಂಕಿ ಇದ್ದದ್ದೇ ಹಾಗೆ. "ಪುಟ ಹದಿನಾಲ್ಕು."

ಡಗ್ ಟ್ರಕ್ಕಿನ ಅಂಚಿನ ಮೇಲೆ ವರದಿ ಇಟ್ಟುಕೊಂಡು ಪುಟ ಹದಿನಾಲ್ಕನ್ನು ಪೂರ್ತಿ ಓದಿದ. ಆಮೇಲೆ ಸಹಿ ಮಾಡಿದ. "ಎಂಬತ್ತೊಂಬತ್ತಲ್ಲ, ತೊಂಬತ್ತು. ನನ್ನನ್ನೂ ಸೇರಿಸು."

"ಆಗಲ್ಲ. ಮಾದರಿ ಸಂಗ್ರಹ ಆಗಸ್ಟ್ ಮೂವತ್ತೊಂದಕ್ಕೇ ಮುಗಿದಿದೆ."

ಡಗ್ ಅವನನ್ನೇ ನೋಡಿದ, ಮೀನನ್ನು ನೋಡಿದಷ್ಟೇ ಹೊತ್ತು. ಆಮೇಲೆ ದೊಡ್ಡ ಮೀನಿನ ಚೀಟಿಯ ಮೇಲಿದ್ದ ಹೆಸರನ್ನು ಅದೇ ಪೆನ್ನಿನಿಂದ ಹೊಡೆದುಹಾಕಿ, ಹೊಸ ಹೆಸರು ಬರೆದ.

"ಏನಂತಾರ?" ಎಂದು ಕೇಳಿದಳು ಮಹಾದೇವಕ್ಕ.

"ನೀವು ಪಾಸ್ ಅಂತ, ಅತ್ತಿ. ಅವರು ಫೇಲ್."

ಮಹಾದೇವಕ್ಕನಿಗೆ ಪಾಪ ಅನ್ನಿಸಿತು. "ಇರಲಿ ಬಿಡ್ರಿ, ಮನಸ್ಸಿಗೆ ಹಚ್ಚಿಕೋಬ್ಯಾಡ ಅನ್ರಿ. ಒಂದು ಚೀಟಿ ಕೊಟ್ಟು ಕಳಸ್ರಿ, ಓದಿಕೊಂಡು ಮತ್ತ ಕುಂದ್ರಲಿ. ನಾ ಜಳಕಕ್ಕ ಹೋಕ್ಕೀನಿ."