ದಿಂಬಿನ ಮೇಲೆ ಬೀಳುವ ಬಿಸಿಲು

ಬಂತು ಬಿಸಿಲು, ಕಾಲ ಬಳಿ ಮೊದಲು ಒಂದು ಗೆರೆ, ಆಮೇಲೆ ಅಂಗೈಯಗಲ, ಈಗ ಪೂರಾ ಒಂದು ಚೌಕ, ಬಿಳಿ ಹಾಸಿನ ಮೇಲೆ ಮೊಣಕಾಲಿನ ತನಕ ತೆವಳಿದೆ, ಇನ್ನು ಸೊಂಟ, ಎದೆ, ಕಣ್ಣು — ರಾತ್ರಿಪಾಳಿ ಮುಗಿಸಿ ಬಂದ ನರ್ಸಿನ ಕಣ್ಣು ತಾನೇ, ಉರಿದರೆ ಉರಿಯಲಿ, ಎಂದುಕೊಂಡು ಅವಳು ಗೋಡೆಯ ಕಡೆ ಹೊರಳಿದಳು, ಗೋಡೆಯೂ ಬೆಳಗುತ್ತಿತ್ತು, ಮಣ್ಣಿಗೆ ಹುಲ್ಲು ಕಲಸಿ ಆರ್ಕಿಟೆಕ್ಟ್ ಗಂಡ ತಾನೇ ನಿಂತು ಮೆತ್ತಿಸಿದ ಗೋಡೆ, ಒಂದೊಂದು ಎಳೆಯೂ ಚಿನ್ನ, ಮುಟ್ಟಿ ನೋಡೇ, ಉಸಿರಾಡ್ತಿದೆ ಅಂದಿದ್ದ, ಹೌದಪ್ಪ, ಗೋಡೆ ಉಸಿರಾಡುತ್ತದೆ, ಮರದ ತೊಲೆ ಮಾತಾಡುತ್ತದೆ, ಕಲ್ಲಿನ ನೆಲ ಋತು ನೋಡಿ ತಣ್ಣಗಾಗುತ್ತದೆ, ಈ ಮನೆಯಲ್ಲಿ ಅನುಕೂಲವಿಲ್ಲದಿರುವುದು ಮನುಷ್ಯರಿಗೆ ಮಾತ್ರ. ಅತ್ತೆ ಬಂದವರು ಎರಡೇ ದಿನಕ್ಕೆ ಕಂಬಿ ಕಿತ್ತರು, ಏನೋ ಇದು, ಮನೆ ಕಟ್ಟೋ ಅಂದ್ರೆ ಶೋಕೇಸ್ ಕಟ್ಟಿದೀಯಲ್ಲೋ, ನಾನೇನು ಗೊಂಬೆನಾ. ಬೇರೆ ಕೋಣೆಗೆ ಹೋಗಿ ಮಲಗೋಣವೆಂದರೆ ಕೋಣೆಯೆಂಬುದೇ ಇಲ್ಲ, ಬೆಳಕಿಗೆ ಅಡ್ಡ ಬರಬಾರದಲ್ಲ, ಬಾಗಿಲಿರುವುದು ಬಚ್ಚಲಿಗೊಂದೇ, ಅದರ ಸೂರಿಗೂ ಗಾಜು.

ಮತ್ತೆ ಇತ್ತ ಹೊರಳಿದರೆ ಚೌಕ ತೊಡೆ ದಾಟಿದೆ. ಹಾಸಿಗೆಯ ಮೇಲಿನ ಸೂರಿನ ಈ ಗಾಜಂತೂ ಅವಳಿಗೇ ಅಂತ ಮಾಡಿದ್ದು, ಗೋಡೆ ಏಳುವ ಮೊದಲೇ ಬರಿ ನೆಲದ ಮೇಲೆ ಒಂದು ದಿಂಬಿಟ್ಟು, ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ಅವನು ದಿನಗಟ್ಟಲೆ ಕುಕ್ಕುರುಗಾಲಲ್ಲಿ ಕೂತಿದ್ದ, ಗಾರೆಯವರು ಮುಸಿಮುಸಿ ನಗುತ್ತಿದ್ದರು, ಬಿಸಿಲು ನಿನ್ನ ಕೆನ್ನೆ ಮುಟ್ಟಿ ಎಬ್ಬಿಸಬೇಕು ಕಣೇ, ಅಲಾರಂ ಅಲ್ಲ — ಎಷ್ಟು ಮುದ್ದಾಗಿ ಹೇಳಿದ್ದ, ಅವಳೂ ಕರಗಿದ್ದಳು, ತಾನು ಮಲಗುವುದೇ ಆ ಹೊತ್ತಿಗೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ, ಬಿಸಿಲಿನ ದಾರಿ ಅಳೆದವನು ಹೆಂಡತಿಯ ಪಾಳಿ ಅಳೆಯಲಿಲ್ಲ. ಪರದೆ ಅಂದರೆ ಅವನಿಗೆ ಯಾರೋ ಕತ್ತು ಹಿಸುಕಿದ ಹಾಗೆ. ಕೊನೆಗೆ ನಿನ್ನೆ ಸಂಜೆ, ಪಾಳಿಗೆ ಹೊರಡುವ ಮುಂಚೆ, ಜಗಳವಾಡಿ ಆ ಗಾಜಿಗೆ ಕಪ್ಪು ಚಾದರ ಬಡಿದದ್ದು, ಅದನ್ನೂ ಇವತ್ತು ಅವಳು ಮನೆಗೆ ಕಾಲಿಟ್ಟಾಗ ಏಣಿ ಹತ್ತಿ ಕೀಳುತ್ತಿದ್ದ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಪತ್ರಿಕೆಯವರು ಫೋಟೋ ತೆಗೆಯೋಕೆ ಬರ್ತಿದಾರೆ, ಇವತ್ತೊಂದಿನ. ನಿನ್ನೆ ರಾತ್ರಿ ಏನಾಯ್ತು ಗೊತ್ತಾ ಅಂದಳು ಅವಳು. ಆಮೇಲೆ ಹೇಳೇ, ಏಣಿ ಹಿಡ್ಕೋ ಅಂದ. ಹಿಡಿದುಕೊಂಡಳು.

ಏನಾಗಿತ್ತೆಂದರೆ, ವಾರ್ಡಿನ ಟ್ರೇಯಲ್ಲಿ ಎರಡು ಔಷಧಿ ಸೀಸೆ, ಒಂದೇ ಎತ್ತರ, ಒಂದೇ ಬಿಳಿ ಮುಚ್ಚಳ, ಓದಲು ಹೋದರೆ ಅಕ್ಷರಗಳ ಮೇಲೆ ಬೆಳಕಿನ ಚೌಕ ಕುಣಿಯಿತು, ಹಗಲಿಡೀ ಕಣ್ಣೊಳಗೆ ಕೂತ ಚೌಕ, ಸಿರಿಂಜು ತುಂಬಿಸಿ ಹಾಸಿಗೆಯಲ್ಲಿದ್ದ ಮುದುಕರೊಬ್ಬರ ತೋಳು ಹಿಡಿದಾಗಲೇ ಹಿರಿಯ ಸಿಸ್ಟರ್ ಮಣಿಕಟ್ಟು ಗಪ್ಪನೆ ಹಿಡಿದರು, ಏನೇ, ಕಣ್ಣು ಎಲ್ಲಿಟ್ಟಿದೀಯ, ಇದು ಹೋಗಿದ್ರೆ ಅಜ್ಜ ಏಳ್ತಾನೇ ಇರ್ಲಿಲ್ಲ, ನಿದ್ದೆ ಮಾಡ್ಕೊಂಡು ಬಾ, ಇಲ್ಲ ಬರಲೇಬೇಡ. ಏನೂ ಗೊತ್ತಾಗದ ಅಜ್ಜ ಮಾತ್ರ ಥ್ಯಾಂಕ್ಸ್ ಮಗಳೇ ಅಂದರು. ಇವತ್ತು ರಾತ್ರಿಯೂ ಅದೇ ವಾರ್ಡು, ಅದೇ ಟ್ರೇ, ಮಲಗಬೇಕು, ಸುಮ್ಮನೆ ಮಲಗಬೇಕು — ಕಲ್ಲಿನ ಮೇಲೆ ಬೂಟಿನ ಸದ್ದು, ಗಂಡನ ದನಿ, ಇದೇ ನೋಡಿ ನಾನು ಹೇಳಿದ ಗಾಜು, ಇನ್ಯಾರದೋ ದನಿ, ಆಹಾ, ಅವಳು ಎದ್ದು ಕೂರಲು ಹೋದರೆ ಕ್ಯಾಮೆರಾದವನು, ಮೇಡಂ ಏಳಬೇಡಿ, ಬೆಳಕು ಕರೆಕ್ಟಾಗಿ ಮುಖಕ್ಕೆ ಬರ್ತಿದೆ, ನಿದ್ದೆ ಮಾಡ್ತಿರೋ ಹಾಗೆ ಮಾಡಿ ಸಾಕು. ಸ್ವಲ್ಪ ನೆಮ್ಮದಿಯ ಮುಖ ಇರ್ಲಿ ಕಣೇ ಅಂದ ಗಂಡ. ಮಲಗಿದಳು. ಕಣ್ಣು ಮುಚ್ಚಿದಳು. ರೆಪ್ಪೆಯ ಒಳಗೆ ಕೆಂಪು ಚೌಕ, ಚೌಕದ ನಡುವೆ ಎರಡು ಸೀಸೆ, ಒಂದೇ ಎತ್ತರ, ಒಂದೇ ಬಿಳಿ ಮುಚ್ಚಳ, ಅವುಗಳಲ್ಲಿ ಯಾವುದು — ಎರಡು ಸೀಸೆ —