ಮುನ್ನೂರು ಮನೆಗೆ ಎರಡು ಹೆಬ್ಬೆಟ್ಟು

ವಿದ್ಯಾಗಿರಿಯ ಕಾಲೇಜು ಅಧ್ಯಾಪಕ ಸತ್ಯಬೋಧನ ಮನೆ ಗೇಟಿನ ಹಲಗೆಯಲ್ಲಿ ಎಂಟು ವರ್ಷದಿಂದ ಹೆಸರಿನ ಮುಂದೆ ಎರಡು ಬೆರಳಷ್ಟು ಜಾಗ ಖಾಲಿ ಇತ್ತು. 'ಡಾ.' ಬರೆಸಲು ಬಿಟ್ಟ ಜಾಗ. ಕಾಲೇಜಿಗೆ ತನ್ನ ನಂತರ ಬಂದವರೆಲ್ಲ ಡಾಕ್ಟರಾಗಿ ಮುಂದೆ ಹೋದದ್ದು ಅವನ ಹೊಟ್ಟೆಗೆ ಕಿಚ್ಚು ಹಚ್ಚಿತ್ತು. ಪಿಎಚ್.ಡಿ.ಯ ಇವತ್ತಿನ ಮೌಖಿಕ ಪರೀಕ್ಷೆ ಒಂದು ದಾಟಿದರೆ ಸಾಕಿತ್ತು.

ಪ್ರಬಂಧದ ವಿಷಯ ಇಳಕಲ್ಲಿನ ಕಲ್ಲು ಕೊಯ್ಯುವವರ ಓಣಿ, ಅಲ್ಲಿನ ಧೂಳು, ಅಲ್ಲಿನ ಸಂಸಾರ. ಮಹಾಶಯ ಇಳಕಲ್ಲಿಗೆ ಹೋದದ್ದು ಒಂದೇ ಸಲ, ಅದೂ ಹೆಂಡತಿ ಸಂಪದಾಳಿಗೆ ಸೀರೆ ಕೊಳ್ಳಲು. ಧೂಳು ಕಂಡರೆ ಸೀನು ಬರುತ್ತಿತ್ತಂತೆ. ಹಾಗಾಗಿ ಒಂದು ಹಳೆಯ ಮತದಾರರ ಯಾದಿ ತರಿಸಿ, ಫ್ಯಾನಿನ ಕೆಳಗೆ ಕೂತು, ಮುನ್ನೂರು ಮನೆಯ ಪ್ರಶ್ನಾವಳಿಯನ್ನು ತಾನೇ ತುಂಬಿದ. ಕೆಮ್ಮು ಇದೆಯೇ? ಇಲ್ಲ. ಇದೆ ಎಂದು ಬರೆದರೆ ಮುಂದಿನ ಹನ್ನೊಂದು ಉಪಪ್ರಶ್ನೆ ತುಂಬಬೇಕಿತ್ತು. ಕೂಲಿಯವರಿಗೆ ಸಹಿ ಎಲ್ಲಿ ಬರುತ್ತದೆ ಎಂದು ತನ್ನ ಹೆಬ್ಬೆಟ್ಟನ್ನೇ ಒತ್ತಿದ. ಕೈ ನೊಂದಾಗ ಸಂಪದಾ ಒತ್ತಿದಳು. ಸಾಲದ್ದಕ್ಕೆ, ಪ್ರಬಂಧ ದಪ್ಪ ಕಾಣಲೆಂದು ಮುನ್ನೂರನ್ನೂ ಹಿಂದೆ ಸೇರಿಸಿ ಬೈಂಡ್ ಮಾಡಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಂದರೆ ಇದೇ.

ಬಹಿರಂಗ ಮೌಖಿಕ ಪರೀಕ್ಷೆಯಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಯಾರೂ ಕೇಳುವುದಿಲ್ಲ, ಯಾಕೆಂದರೆ ಆಮೇಲೆ ಊಟ ಇರುತ್ತದೆ. ಸತ್ಯಬೋಧ ಹೋಳಿಗೆ ಮಾಡಿಸಿದ್ದ. "ಯಾರದರೆ ಪ್ರಶ್ನೆ ಅದಾವೇನ್ರಿ?" ಎಂದು ಮಾರ್ಗದರ್ಶಕ ಪಂಢರೀನಾಥರು ಶಾಸ್ತ್ರಕ್ಕೆ ಕೇಳಿ, ಉತ್ತರಕ್ಕೂ ಕಾಯದೆ ಕುರ್ಚಿ ಹಿಂದೆ ಸರಿಸಿದರು.

ಹಿಂದಿನ ಸಾಲಿನಲ್ಲಿ ಬಾನುಬಿ ಎದ್ದು ನಿಂತಳು. ಅದೇ ಓಣಿಯವಳು. ಇದೇ ಕಾಲೇಜಿನಲ್ಲಿ ಎಂ.ಎ. ಓದುವ ಮಗಳು ಆಫ್ರೀನ, ತಮ್ಮ ಓಣಿಯ ಮೇಲೆ ಪುಸ್ತಕವಾಗಿದೆ ಎಂದು ತಾಯಿಯನ್ನು ಕರೆತಂದಿದ್ದಳು. ಮೇಜಿನ ಮೇಲಿಟ್ಟ ಪ್ರತಿಯಲ್ಲಿ ಅಪ್ಪನ ಹೆಸರು ಕಂಡು, ಓದಿಯೂ ಹೇಳಿದ್ದಳು. ಬಾನುಬಿ ಆ ಪ್ರತಿಯ ಅದೇ ಹಾಳೆ ತೆರೆದು ಹಿಡಿದಿದ್ದಳು.

"ಸರ, ಈ ಹೆಬ್ಬಟ್ಟ ಯಾರದ್ರಿ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸತ್ಯಬೋಧ ಹೆಬ್ಬೆರಳು ಮಡಚಿಕೊಂಡ.

"ಅಬ್ದುಲಸಾಬರದು. ಹೆಸರು ಅಲ್ಲೇ ಅದ ಅಲ್ಲವಾ."

"ಕಲ್ಲ ತಿಕ್ಕಿ ತಿಕ್ಕಿ ನಮ್ಮ ಓಣ್ಯಾಗ ಯಾರ ಬೆರಳಾಗೂ ಗೆರಿ ಉಳದಿಲ್ರಿ. ರೇಷನ್ ಅಂಗಡಿ ಮಷಿನ್ನೂ ನಮ್ಮ ಬೆರಳು ಹಿಡಿಯಂಗಿಲ್ಲ. ಇದು ನೋಡ್ರಿ, ಎಷ್ಟು ಚಂದ ಮೂಡೇದ."

ಹೊರಗಿನಿಂದ ಬಂದಿದ್ದ ಪರೀಕ್ಷಕರು ಪ್ರಬಂಧ ಎಳೆದುಕೊಂಡು ಹಾಳೆ ತಿರುವಿದರು. ಹತ್ತು ತಿರುವಿದರು, ಐವತ್ತು ತಿರುವಿದರು. ಎಲ್ಲ ಮನೆಗೂ ಎರಡೇ ಹೆಬ್ಬೆಟ್ಟು, ಒಂದು ದಪ್ಪ, ಒಂದು ಸಣ್ಣ.

"ಸಣ್ಣ ತಿದ್ದುಪಡಿ ಅಷ್ಟ. ಊಟಾ ಆದ ಮ್ಯಾಲೆ ನೋಡೂಣು," ಎಂದರು ಪಂಢರೀನಾಥರು. ಇಂಥವರ ಕೈಯಲ್ಲಿ ಸತ್ಯವೂ ಪಂಕ್ತಿ ಏಳುವವರೆಗೆ ಕಾಯಬೇಕು.

ಪರೀಕ್ಷಕರು ಸಹಿಗೆಂದು ತೆಗೆದ ಪೆನ್ನನ್ನು ಮುಚ್ಚಿ ಕಿಸೆಗೆ ಹಾಕಿಕೊಂಡರು. ಎಂಟು ವರ್ಷ ಕಾದ ಜಾಗ ಇನ್ನು ತುಂಬುವುದಿಲ್ಲ ಎಂದು ಸತ್ಯಬೋಧನಿಗೆ ಅರ್ಥವಾಯಿತು. ಆದರೆ ಬಾನುಬಿ ಇನ್ನೂ ಕೂತಿರಲಿಲ್ಲ.

"ನಮ್ಮ ಮನಿಯವ್ರು ಕೆಮ್ಮಿ ಕೆಮ್ಮಿ ತೀರಿಕೊಂಡು ನಾಕ ವರ್ಷಾತ್ರಿ. ನೀವು ಹ್ವಾದ ವರ್ಷ ಮಾತಾಡಿಸೀನಿ, ಆರಾಮ ಅದಾರ ಅಂತ ಬರದೀರಿ. ಎಲ್ಲಿ ಅದಾರ ಹೇಳ್ರಿ ಸರ. ಮನಿಗೆ ಕರಕೊಂಡ ಹೋಗ್ತೇನಿ."