ಕಿವಿ ನಿಮಿರಿಸಿದ ಫೋಟೋ

"ಅಮ್ಮಾ, ಇವರೇ!"

ಹುಡುಗಿಯ ಗಲ್ಲ ಇನ್ನೂ ಕಣ್ಣು ಪರೀಕ್ಷೆಯ ಯಂತ್ರದ ಮೇಲೇ ಇತ್ತು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಯಂತ್ರದ ಆಚೆ ಬದಿಯಲ್ಲಿ ಕೂತು ಅಳತೆ ತೆಗೆಯುತ್ತಿದ್ದ ಗುಬ್ಬಿ ತಲೆಯೆತ್ತಿದಳು.

"ಅಲ್ಲಾಡಬೇಡ ಪುಟ್ಟಾ. ಯಾರು, ನಾನಾ?"

"ಹೂಂ. ನಮ್ಮ ಕುದುರೆ ಮೇಲೆ ಕೂತಿರೋರು ನೀವೇ!"

ಗುಬ್ಬಿ ಅವಳ ನಿಜವಾದ ಹೆಸರೇನಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಜೀನಿನ ಮೇಲೆ ಕೂತಾಗ ಲಾಯದ ಮಾಮ ಇಟ್ಟ ಹೆಸರು ಅದು. ಮಾಮ ರಕ್ತಸಂಬಂಧಿಯಲ್ಲ, ಅಪ್ಪನ ಗೆಳೆಯ. ಈ ಇಪ್ಪತ್ತೈದು ವರ್ಷಗಳಲ್ಲಿ ಅವಳು ಓದು ಮುಗಿಸಿ, ಈ ಅಂಗಡಿ ಸೇರಿ, ಕಣ್ಣಿನ ಅಳತೆ ತೆಗೆಯುವುದರಲ್ಲಿ ಕೂದಲೆಳೆಯಷ್ಟೂ ತಪ್ಪದವಳು ಎನ್ನಿಸಿಕೊಂಡಿದ್ದಳು. ಆದರೂ ಬೆಳಗಾದರೆ ಲಾಯಕ್ಕೆ ಹೋಗಿ ಮಾಮನ ಕುದುರೆಗಳನ್ನು ಓಡಾಡಿಸಿ ಬರುವುದು ಬಿಟ್ಟಿರಲಿಲ್ಲ. ಹೆಸರೂ ಅಂಗಡಿಯವರೆಗೆ ಅವಳ ಹಿಂದೆಯೇ ಬಂದಿತ್ತು.

ಹುಡುಗಿಯ ತಾಯಿ ಫೋನು ಮುಂದೆ ಹಿಡಿದರು. "ಅಯ್ಯೋ, ಹೌದಲ್ಲಾ! ನೋಡಿ, ಇದು ನೀವೇ ತಾನೇ?"

ಜಾಹೀರಾತು. ಕೆಂದು ಕುದುರೆ, ಏಳು ವರ್ಷ, ಸಾಧು ಸ್ವಭಾವ, ಕಲಿಯುವ ಮಕ್ಕಳಿಗೂ ಸೈ. ಅದರ ಕೆಳಗೆ ಫೋಟೋ. ಕುದುರೆಯ ಕತ್ತು ಬಿಲ್ಲಿನ ಹಾಗೆ ಬಾಗಿತ್ತು, ಎರಡು ಕಿವಿಗಳೂ ನೆಟ್ಟಗೆ ಮುಂದಕ್ಕೆ ನಿಮಿರಿದ್ದವು. ಅದರ ಮೇಲೆ ಗುಬ್ಬಿ, ಹಲ್ಲು ಕಾಣುವ ಹಾಗೆ.

ಅವಳು ಫೋನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ತಂದಳು.

"ನಮ್ಮನೆಯವರು ಹತ್ತು ಕುದುರೆ ನೋಡಿ ಬೇಡ ಅಂದಿದ್ರು," ಎಂದರು ತಾಯಿ. "ಇದನ್ನ ನೋಡಿದ ಕೂಡ್ಲೇ, 'ಆ ಹೆಣ್ಣುಮಗಳ ನಗು ನೋಡು, ಇಷ್ಟು ನೆಮ್ಮದಿಯಾಗಿ ಕೂತಿದಾಳೆ ಅಂದ್ಮೇಲೆ ಇನ್ನೇನು ಯೋಚನೆ' ಅಂದ್ರು. ಮೊನ್ನೆ ಮನೆಗೆ ಬಂತು. ಇವಳು ಇನ್ನೂ ಹತ್ತಿಲ್ಲ. ಹೊಸ ಕನ್ನಡಕ ಬಾರದೆ ಹತ್ತಿಸಲ್ಲ ಅಂತ ನಾನೇ ಹಟ ಹಿಡಿದಿದೀನಿ."

"ಭಾನುವಾರ ಅಪ್ಪ ನಂದೂ ಹೀಗೇ ಫೋಟೋ ತೆಗೀತಾರೆ," ಎಂದಳು ಹುಡುಗಿ. "ಹೀಗೇ, ಕಿವಿ ನಿಲ್ಲಿಸಿ."

ಮಾತು ಗುಬ್ಬಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಆ ಫೋಟೋ ತೆಗೆದು ಎಂಟು ತಿಂಗಳಾಗಿತ್ತು. ಆಮೇಲೆ ಮಾಮ ಆ ಕುದುರೆಯನ್ನು ತಮ್ಮ ತೋಟಕ್ಕೆ ಸಾಗಿಸಿದ್ದರು, ಅವಳು ಅದನ್ನು ಮತ್ತೆ ನೋಡಿರಲಿಲ್ಲ. ಅಷ್ಟರಲ್ಲಿ ಕುದುರೆ ಪಳಗಿರಲೂಬಹುದು. ಖಾತ್ರಿಯಿಲ್ಲದ್ದನ್ನು ಆಡಿ ಅಭ್ಯಾಸವಿಲ್ಲದವಳು ಅವಳು. "ಶನಿವಾರ ಸಂಜೆಗೆ ಕನ್ನಡಕ ಸಿಗುತ್ತೆ," ಎಂದಷ್ಟೇ ಹೇಳಿ, ಚೀಟಿಯಲ್ಲಿ ಹುಡುಗಿಯ ಅಳತೆ, ಮನೆಯ ವಿಳಾಸ, ತಂದೆಯ ಫೋನ್ ನಂಬರು ಬರೆದುಕೊಂಡಳು. ಎರಡೂ ಕಣ್ಣಿಗೆ ಮೈನಸ್ ಎರಡೂವರೆ.

ಆ ದಿನ ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಫೋಟೋದಲ್ಲಿ ಕುದುರೆಯ ಕಿವಿ ಜೋತು ಬಿದ್ದಿದ್ದರೆ ಕೊಳ್ಳುವವರು ಅದನ್ನು ಸೋಮಾರಿ ಎನ್ನುತ್ತಾರೆ, ಹಿಂದಕ್ಕೆ ಮಡಿಸಿದ್ದರೆ ಸಿಡುಕ ಎನ್ನುತ್ತಾರೆ. ಅದಕ್ಕೇ ಲಾಯದಲ್ಲಿ ಒಬ್ಬರು ಕ್ಯಾಮೆರಾ ಹಿಡಿದರೆ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಕಿವಿ ನಿಮಿರಿಸಬೇಕು. ಕೆಲವರು ಕಾಳಿನ ಡಬ್ಬ ಕುಲುಕುತ್ತಾರೆ. ಮಾಮನದು ಕೊಡೆ. ಗುಂಡಿ ಒತ್ತಿದರೆ ಪಟ್ಟೆಂದು ಬಿಚ್ಚಿಕೊಳ್ಳುವ ಕಪ್ಪು ಕೊಡೆ. ಕಿವಿ ಏಳುವ ಮೊದಲೇ ಕುದುರೆಯ ಬೆನ್ನು ಕಲ್ಲಾಗಿದ್ದು ಗುಬ್ಬಿಯ ತೊಡೆಗೆ ತಿಳಿದಿತ್ತು. ಅವಳು ಹಲ್ಲು ಕಚ್ಚಿ ಲಗಾಮು ಹಿಡಿದ ಗಳಿಗೆಗೇ ಕ್ಯಾಮೆರಾ ಕ್ಲಿಕ್ಕೆಂದಿತ್ತು. ಮರುಗಳಿಗೆಯಲ್ಲಿ ಕುದುರೆ ಹಿಂಗಾಲ ಮೇಲೆ ಎದ್ದು, ಬೇಲಿ ಹಾರಿ, ಕಲ್ಲುಗುಡ್ಡೆಯತ್ತ ಕಣ್ಣು ಮುಚ್ಚಿದ ಹಾಗೆ ಓಡಿತ್ತು. ಅವಳು ಬೀಳಲಿಲ್ಲ. ಇಪ್ಪತ್ತೈದು ವರ್ಷದ ಅಭ್ಯಾಸ ಅವಳನ್ನು ಜೀನಿಗೆ ಅಂಟಿಸಿತ್ತು.

ಮರುದಿನ ಬೆಳಿಗ್ಗೆ ಅವಳು ಲಾಯಕ್ಕೆ ಹೋದಾಗ ಮಾಮ ಒಂದು ಬಿಳಿ ಕುದುರೆಯ ಗೊರಸು ಎತ್ತಿ ಹಿಡಿದು ಕೊಕ್ಕೆಯಿಂದ ಮಣ್ಣು ಕೆರೆಯುತ್ತಿದ್ದರು.

"ಏನು ಗುಬ್ಬಿ, ಮುಖ ಊದಿಸ್ಕೊಂಡಿದೀಯ?"

"ನನ್ನ ಮುಖದ ವಿಷಯಾನೇ ಮಾತಾಡೋಕೆ ಬಂದೆ ಮಾಮ. ನನ್ನ ಕೇಳದೆ ಜಾಹೀರಾತಿಗೆ ಹಾಕಿದೀರಿ."

"ಕೇಳದೆ ಏನು? ಫೋಟೋ ಚೆನ್ನಾಗಿದೆ ಅಂದವಳು ನೀನೇ. ಕೇಳಿ ಇಸ್ಕೊಂಡವಳೂ ನೀನೇ. ನಿನ್ನ ಫೋನಲ್ಲೂ ಅದನ್ನೇ ಹಾಕ್ಕೊಂಡಿದೀಯ."

"ಚೆನ್ನಾಗಿದೆ ಅಂದ್ರೆ ಊರಿಗೆಲ್ಲ ತೋರಿಸಿ ಅಂತಲಾ?"

"ಮತ್ತೆ ಮುಚ್ಚಿಡು ಅಂತಲಾ?" ಮಾಮ ನಕ್ಕರು.

ಗುಬ್ಬಿಗೆ ನಗು ಬರಲಿಲ್ಲ. ಮೊದಲು ಮಾಮ ಜಾಹೀರಾತಿನ ಪ್ರತಿ ಫೋಟೋವನ್ನೂ ಸವಾರರ ಕತ್ತಿನ ಮಟ್ಟಕ್ಕೆ ಕತ್ತರಿಸುತ್ತಿದ್ದರು. ರುಂಡವಿಲ್ಲದ ಸವಾರರ ಲಾಯ ಎಂದು ಮಕ್ಕಳೆಲ್ಲ ತಮಾಷೆ ಮಾಡುತ್ತಿದ್ದರು. ಯಾಕೆಂದು ಅವಳು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ, "ಮುಖ ಹಾಕಿದ್ರೆ ಅವರ ಕೈಲಿ ಸಾಕ್ಷಿ ಹೇಳಿಸಿದ ಹಾಗೆ ಕಣೇ," ಎಂದಿದ್ದರು.

"ಮುಂಚೆ ತಲೆ ಕತ್ತರಿಸ್ತಿದ್ರಿ ಮಾಮ."

"ಇದನ್ನೂ ಕತ್ತರಿಸೇ ಹಾಕಿದ್ದೆ. ಮೂರು ತಿಂಗಳು ಒಂದು ನರಪಿಳ್ಳೆ ಕೇಳ್ಲಿಲ್ಲ. ಮುಖ ಹಾಕಿದ ನಾಲ್ಕನೇ ದಿನ ಹೋಯ್ತು." ಅವರು ಗೊರಸು ಕೆಳಗಿಟ್ಟು ಸೊಂಟ ಹಿಡಿದುಕೊಂಡು ಎದ್ದರು.

"ಆ ದಿನ ಆದ್ಮೇಲೆ ಅದರ ಮೇಲೆ ಯಾರಾದ್ರೂ ಕೂತಿದ್ರಾ?"

"ಅವತ್ತು ಅದಕ್ಕೆ ಕಣಜ ಕಚ್ಚಿತ್ತು. ಅಷ್ಟೇ."

"ನಾನು ಅದರ ಮೇಲಿದ್ದೆ. ಕಣಜ ಇರ್ಲಿಲ್ಲ. ಯಾರಾದ್ರೂ ಕೂತಿದ್ರಾ?"

ಮಾಮ ಕುದುರೆಯ ಇನ್ನೊಂದು ಕಾಲಿನ ಕಡೆಗೆ ಹೋದರು. "ಕುದುರೆ ನಂದು, ಮಾರಿದೆ. ಅವರು ಒಳ್ಳೇ ಜನ. ನನಗೆ ಗೊತ್ತಿರೋದನ್ನೆಲ್ಲ ಹೇಳ್ಕೊಟ್ಟೇ ಕಳಿಸಿದೀನಿ. ನೀನು ಇದರಲ್ಲಿ ಮೂಗು ತೂರಿಸಿದ್ರೆ ಈ ಲಾಯದ ಬಾಗಿಲು ನಿನಗೆ ಮುಚ್ಚಿತು ಅಂತ ತಿಳ್ಕೋ. ಆ ಕೊಕ್ಕೆ ಕೊಡು ಇಲ್ಲಿ."

ಗುಬ್ಬಿ ಕೊಕ್ಕೆ ಕೊಟ್ಟಳು.

ಅಂಗಡಿಗೆ ಬಂದವಳೇ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಯಾವುದನ್ನೂ ಮೊದಲಿನಿಂದ, ಕ್ರಮವಾಗಿ ಹೇಳುವುದು ಅವಳ ಪದ್ಧತಿ. ತಾನು ಯಾರು, ಲಾಯದ ಪರಿಚಯ ಎಷ್ಟು ವರ್ಷದ್ದು, ಫೋಟೋ ತೆಗೆದದ್ದು ಯಾವಾಗ ಎಂದು ಒಂದೊಂದಾಗಿ ಬಿಡಿಸತೊಡಗಿದಳು. ಹುಡುಗಿಯ ತಂದೆ ತಾಳ್ಮೆಯಿಂದ ಹೂಂಗುಟ್ಟುತ್ತಿದ್ದವರು ಮಧ್ಯದಲ್ಲೇ ತಡೆದರು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಈಗಷ್ಟೇ ಲಾಯದವರು ಫೋನ್ ಮಾಡಿದ್ರು, ನೀವು ಹೀಗೆ ಮಾತಾಡಬಹುದು ಅಂತ. ಆ ಕುದುರೆ ಮೇಲೆ ನಿಮಗೇ ಕಣ್ಣಿತ್ತಂತಲ್ಲ."

"ನನಗಾ? ಸುಳ್ಳು ಸರ್. ಅದು ಮಕ್ಕಳ ಕುದುರೆ ಅಲ್ಲ."

"ಮತ್ತೆ ಫೋಟೋದಲ್ಲಿ ನಗ್ತಾ ಇದೀರಲ್ಲ?"

"ಅದು ನಗು ಅಲ್ಲ ಸರ್. ಹಲ್ಲು ಕಚ್ಚಿರೋದು."

ಅವರು, ತಲೆ ಕೆಟ್ಟವರನ್ನು ಸಮಾಧಾನ ಮಾಡುವ ದನಿಯಲ್ಲಿ, "ಆಯ್ತು ಮೇಡಂ, ನೋಡ್ಕೋತೀವಿ," ಎಂದು ಫೋನಿಟ್ಟರು. ಕೊಡೆಯ ಮಾತು ಇನ್ನೂ ಬಂದೇ ಇರಲಿಲ್ಲ. ಅವಳು ಮತ್ತೆ ಮಾಡಿದಳು, ಎತ್ತಲಿಲ್ಲ. ಎಲ್ಲವನ್ನೂ ಬರೆದು ಕಳಿಸಿದಳು. ಸಂದೇಶದ ಪಕ್ಕ ಒಂದೇ ಟಿಕ್ ಮೂಡಿ, ಸಂಜೆಯವರೆಗೂ ಒಂಟಿಯಾಗಿಯೇ ಉಳಿಯಿತು. ಅವರು ಅವಳ ನಂಬರನ್ನೇ ಬ್ಲಾಕ್ ಮಾಡಿದ್ದರು.

ನಾಲ್ಕು ದಿನ ಜಾಹೀರಾತಿನಲ್ಲಿದ್ದ ಅವಳ ಮುಖವನ್ನು ನಂಬಿದವರು ಅವಳ ಬಾಯಿಯನ್ನು ನಂಬಲಿಲ್ಲ.

ಶುಕ್ರವಾರ ಕನ್ನಡಕ ತಯಾರಾಗಿ ಬಂತು. ನೀಲಿ ಕಟ್ಟಿನ ಪುಟ್ಟ ಕನ್ನಡಕ. ಗುಬ್ಬಿ ಅದನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ಒಂದು ತಪ್ಪೂ ಇರಲಿಲ್ಲ. ಹತ್ತು ವರ್ಷದ ಕೆಲಸದಲ್ಲಿ ಮೊದಲ ಸಲ, ತಪ್ಪಿಲ್ಲದ ಕನ್ನಡಕವನ್ನು ರಿಪೇರಿಯ ಡ್ರಾಯರಿಗೆ ಹಾಕಿ, ಅದರ ಮೇಲೆ 'ಅಳತೆ ಸರಿಯಿಲ್ಲ, ಕೊಡಬಾರದು' ಎಂದು ಚೀಟಿ ಅಂಟಿಸಿದಳು. ಒಂದು ಭಾನುವಾರ ದಾಟಿದರೆ ಸಾಕು, ಅಷ್ಟರಲ್ಲಿ ಆ ತಾಯಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಬಹುದು.

ಶನಿವಾರ ಮಸೂರದ ಕಾರ್ಖಾನೆಗೆ ಹೋಗಿದ್ದವಳು ಅಂಗಡಿಗೆ ಮರಳಿದ್ದು ಬಾಗಿಲು ಹಾಕುವ ಹೊತ್ತಿಗೆ. ಗಿರಾಕಿಗಳನ್ನು ನೋಡಿಕೊಳ್ಳುವ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದರು.

"ಆ ಕುದುರೆ ಹುಡುಗಿ ಬಂದಿತ್ತು ಕಣೇ. ನೀನು ಏನೋ ಅಳತೆ ಸರಿಯಿಲ್ಲ ಅಂತ ಬರೆದಿದ್ದೆ. ಪಾಪ, ಅಳೋಕೇ ಶುರು ಮಾಡ್ತು. ಅದಕ್ಕೇ ನಾನೇ ಯಂತ್ರಕ್ಕೆ ಹಾಕಿ ನೋಡ್ದೆ, ಎಲ್ಲ ಸರಿಯಾಗೇ ಇತ್ತು. ಕೊಟ್ಟು ಕಳಿಸ್ದೆ. ನೀನೂ ತಪ್ಪು ಮಾಡ್ತೀಯಲ್ಲ, ಅದನ್ನ ನೋಡಿ ನನಗೆ ಖುಷಿಯಾಯ್ತು ನೋಡು!"

ಭಾನುವಾರ ಬೆಳಿಗ್ಗೆ ಗುಬ್ಬಿ ವಿಳಾಸ ಹುಡುಕಿಕೊಂಡು ಹೊರಟಳು. ಊರಿನ ಅಂಚಿನಲ್ಲಿ, ಮುಚ್ಚಿಹೋದ ಇಟ್ಟಿಗೆ ಗೂಡಿನ ಪಕ್ಕದ ಮನೆ. ಮುಂದೆ ದೊಡ್ಡ ಬಯಲು, ಸುತ್ತ ಮೊಳಕಾಲೆತ್ತರದ ಗೋಡೆ, ತುಕ್ಕು ಹಿಡಿದ ಕಬ್ಬಿಣದ ಗೇಟು. ಬಯಲಿನ ಆ ತುದಿಯಲ್ಲಿ ಒಡೆದ ಇಟ್ಟಿಗೆಯ ರಾಶಿ.

ಹುಡುಗಿ ಆಗಲೇ ಜೀನಿನ ಮೇಲಿದ್ದಳು. ಬೆನ್ನು ನೆಟ್ಟಗೆ, ಲಗಾಮು ಎರಡೂ ಕೈಯಲ್ಲಿ, ಹೆಲ್ಮೆಟ್ಟಿನ ಕೆಳಗೆ ನೀಲಿ ಕನ್ನಡಕ. ಫೋಟೋದಲ್ಲಿ ಗುಬ್ಬಿ ಕೂತಿದ್ದ ಹಾಗೆಯೇ ಕೂರಲು ಅವಳು ತುಂಬ ಅಭ್ಯಾಸ ಮಾಡಿರಬೇಕು. ಕಾಲೂರುವ ರಿಕಾಪು ಉದ್ದವಾಗಿ, ಬೂಟಿನ ತುದಿಯಷ್ಟೇ ಅದಕ್ಕೆ ತಾಗಿತ್ತು. ತಂದೆ ಒಂದು ಮೊಳಕಾಲೂರಿ ಫೋನು ಹಿಡಿದಿದ್ದರು.

ತಾಯಿ ಕುದುರೆಯ ಪಕ್ಕಕ್ಕೆ, ಹದಿನೈದು ಹೆಜ್ಜೆ ದೂರದಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಮಡಿಸಿದ ಕಪ್ಪು ಕೊಡೆಯಿತ್ತು.

"ಲಾಯದವರು ಹೇಳ್ಕೊಟ್ಟ ಹಾಗೆ," ತಂದೆಯ ದನಿ ಗೋಡೆಯ ಈಚೆಗೂ ಕೇಳಿತು. "ನಾನು ಮೂರು ಅಂದ್ಮೇಲೆ ಬಿಚ್ಚು."

ಗುಬ್ಬಿ ಗೇಟಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅದು ಕಿರುಗುಟ್ಟುತ್ತದೆ. ಕೂಗಿದರೆ ಕುದುರೆ ಬೆದರುತ್ತದೆ, ಓಡಿದರೂ ಬೆದರುತ್ತದೆ. ಅವಳು ಗೋಡೆ ದಾಟಿ, ಕುದುರೆಗೆ ತಾನು ಕಾಣುವ ಬದಿಯಲ್ಲಿ, ಒಂದೇ ಅಳತೆಯ ಹೆಜ್ಜೆಗಳಲ್ಲಿ ನಡೆಯತೊಡಗಿದಳು. ಅಂಗೈಯನ್ನು ಸೊಂಟದ ಮಟ್ಟದಲ್ಲಿ, ಬೇಡ ಎನ್ನುವ ಹಾಗೆ, ತಾಯಿಯತ್ತ ಹಿಡಿದಿದ್ದಳು. ತಾಯಿ ಮಗಳನ್ನೇ ನೋಡುತ್ತಿದ್ದರು.

ಅಷ್ಟು ದೂರದಿಂದ ಅವಳ ಗುರುತು ಹಿಡಿದವಳು ಹುಡುಗಿಯೊಬ್ಬಳೇ. ಅವಳ ಮುಖ ಅರಳಿತು.

"ಹಾಂ, ಹಾಗೇ ನಗ್ತಾ ಇರು ಪುಟ್ಟಾ," ಎಂದರು ತಂದೆ. "ಒಂದು... ಎರಡು..."

ತಾಯಿಯ ಹೆಬ್ಬೆರಳು ಗುಂಡಿಯ ಮೇಲೆ ಜರುಗಿತು. ಕುದುರೆಯ ಒಂದು ಕಿವಿ ಅತ್ತ ಹೊರಳಿತು, ಆಮೇಲೆ ಇನ್ನೊಂದು.

ಬಯಲಿನ ನಡುವೆ, ನೆಲದ ಮೇಲೆ ನಿಂತಿದ್ದ ಗುಬ್ಬಿಯ ತೊಡೆಗಳು ತಾವಾಗಿಯೇ ಬಿಗಿದುಕೊಂಡವು.